ಹ್ಯಾನೋವರಿನ ಲೆಫ್ಟಿನೆಂಟ್, ಗಾಜನೂರಿನ ಗಾಯಾಳು



ಇವತ್ತು ಹದಿನೆಂಟನೆಯ ಶತಮಾನದ ಒಬ್ಬ ಜರ್ಮನ್ ಸೇನಾಧಿಕಾರಿಯ ಬದುಕನ್ನು ಹೇಳಲು ಬಂದಿದ್ದೇನೆ. ಹೆಸರು ಕಾರ್ಲ್ ಆಗಸ್ಟ್ ಶ್ಲೇಗಲ್. ದೊಡ್ಡ ಸೇನಾಪತಿಯೇನಲ್ಲ, ಬರೀ ಲೆಫ್ಟಿನೆಂಟ್. ಕೋಟೆ ಗೆದ್ದ ಬಿರುದಿಲ್ಲ, ಕುದುರೆ ಮೇಲೆ ಕೂತ ಪ್ರತಿಮೆಯಿಲ್ಲ. ಮೂವತ್ತು ತುಂಬುವ ಮೊದಲೇ ಮದರಾಸಿನಲ್ಲಿ ಪ್ರಾಣ ಬಿಟ್ಟ. ಶಿವಮೊಗ್ಗದ ಚರಿತ್ರೆಯಲ್ಲಿ ಅವನಿಗೆ ಒಂದು ಸಾಲಿನ ಜಾಗವೂ ಇಲ್ಲ. ಹಾಗಿದ್ದ ಮೇಲೆ ಇವನ ಕಥೆ ನಮಗೇಕೆ ಅಂತ ನೀವು ಕೇಳಬಹುದು. ಅವನನ್ನು ಈ ನಾಡಿಗೆ ಕರೆತಂದ ಯುದ್ಧದ ದಿಕ್ಕು ತಿರುಗಿದ್ದು ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ. ಅವನು ಸತ್ತು ಎರಡು ವರ್ಷ ಕಳೆದ ಮೇಲೆ, ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸಿಗುವ ಗಾಜನೂರಿನಲ್ಲಿ, ಅವನಂಥದೇ ಇನ್ನೊಬ್ಬ ಎಳೆಯ ಅಧಿಕಾರಿ ಗುಂಡೇಟು ತಿಂದ. ಈ ಇಬ್ಬರನ್ನೂ ಜೊತೆಯಲ್ಲಿಟ್ಟು ನೋಡಿದರೆ ಆ ಕಾಲದ ಯುದ್ಧಗಳ ಇನ್ನೊಂದು ಮಗ್ಗುಲು ಕಾಣುತ್ತದೆ.

ಆಗ ಜರ್ಮನಿ ಅನ್ನುವ ಒಂದು ದೇಶ ಇರಲಿಲ್ಲ. ಜರ್ಮನ್ ಮಾತಾಡುವ ಜನ ನೂರಾರು ಸಣ್ಣಪುಟ್ಟ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ನಮ್ಮ ಚಿತ್ರದುರ್ಗ, ತರೀಕೆರೆ, ಬಸವಾಪಟ್ಟಣ, ಹರಪನಹಳ್ಳಿಯ ಪಾಳೆಯಪಟ್ಟುಗಳನ್ನು ನೆನಪಿಸಿಕೊಂಡರೆ ಆ ಚಿತ್ರ ಸುಲಭವಾಗಿ ಮೂಡುತ್ತದೆ. ಈ ದೊರೆಗಳಲ್ಲಿ ಹಲವರಿಗೆ ಭೂಮಿ ಕಡಿಮೆ, ವರಮಾನ ಕಡಿಮೆ, ಅರಮನೆಯ ಖರ್ಚು ಮಾತ್ರ ಭಾರಿ. ಅವರು ಕಂಡುಕೊಂಡ ಆದಾಯದ ದಾರಿ ಸೈನ್ಯವನ್ನು ಬಾಡಿಗೆಗೆ ಕೊಡುವುದು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಇಂಗ್ಲೆಂಡಿನ ಪರವಾಗಿ ಕಾದಾಡಲು ಹೀಗೆ ಹೋದ ಜರ್ಮನರು ಸುಮಾರು 30,000 ಮಂದಿ. ಬ್ರನ್ಸ್‌ವಿಕ್ ಸಂಸ್ಥಾನ 1776ರಲ್ಲಿ ಮಾಡಿಕೊಂಡ ಕರಾರಿನಲ್ಲಿ, ಒಬ್ಬ ಸಿಪಾಯಿ ಸತ್ತರೆ ದೊರೆಗೆ ಇಷ್ಟು ಹಣ ಸಲ್ಲಬೇಕು ಅಂತ ಬರೆದಿತ್ತು. ಗಾಯಾಳುಗಳಿಗೂ ಲೆಕ್ಕವಿತ್ತು. ಮೂವರು ಗಾಯಗೊಂಡರೆ ಒಬ್ಬ ಸತ್ತಂತೆ. ಹಣ ಸೇರಿದ್ದು ದೊರೆಯ ಬೊಕ್ಕಸಕ್ಕೆ, ಸತ್ತವನ ಮನೆಗಲ್ಲ.

ಕಾರ್ಲ್ ಹುಟ್ಟಿ ಬೆಳೆದ ಹ್ಯಾನೋವರ್ ಸಂಸ್ಥಾನದ ಸಂಗತಿ ಸ್ವಲ್ಪ ಬೇರೆ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನೇ ಹ್ಯಾನೋವರಿಗೂ ಒಡೆಯ. ಮಜಾ ಅಂದರೆ, ಆತ ತನ್ನ ಜೀವಮಾನದಲ್ಲಿ ಒಮ್ಮೆಯೂ ಹ್ಯಾನೋವರಿಗೆ ಕಾಲಿಡಲಿಲ್ಲ. ಅತ್ತ ಇಂಗ್ಲೆಂಡಿನ ಸೈನ್ಯ ಅಮೆರಿಕದಲ್ಲಿ ಸಿಕ್ಕಿಬಿದ್ದಿತ್ತು. ಇತ್ತ 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದ್ದರು. ಮದರಾಸು ನಡುಗಿತು. ಈಸ್ಟ್ ಇಂಡಿಯಾ ಕಂಪನಿಗೆ ಯುರೋಪಿನ ಸಿಪಾಯಿಗಳು ತುರ್ತಾಗಿ ಬೇಕಾದರು. 1781ರಲ್ಲಿ ಕರಾರಾಯಿತು. ಹ್ಯಾನೋವರಿನಲ್ಲಿ ಸುಮಾರು ಸಾವಿರ ಜನರ ಎರಡು ರೆಜಿಮೆಂಟುಗಳನ್ನು ಕಟ್ಟುವುದು, ಕೆಲವು ವರ್ಷಗಳ ಮಟ್ಟಿಗೆ ಕಂಪನಿಯ ಚಾಕರಿಗೆ ಕೊಡುವುದು. ಅಂದರೆ ಹೈದರನ ಭಯಕ್ಕೆ ಜರ್ಮನಿಯ ಹಳ್ಳಿಗಳಲ್ಲಿ ಡಂಗುರ ಹೊಡೆಯಿತು.

ಆ ದಂಡಿನಲ್ಲಿ ನಮ್ಮ ಕಾರ್ಲ್ ಆಗಸ್ಟ್ ಇದ್ದ. ಹುಟ್ಟಿದ್ದು 1761ರಲ್ಲಿ. ತಂದೆ ಯೋಹಾನ್ ಅಡೋಲ್ಫ್ ಶ್ಲೇಗಲ್ ಹ್ಯಾನೋವರ್ ಪಟ್ಟಣದ ಲೂಥರನ್ ಪಾದ್ರಿ, ಕವಿಯೂ ಹೌದು. ದೊಡ್ಡಪ್ಪ ಯೋಹಾನ್ ಎಲಿಯಾಸ್ ಹೆಸರಾಂತ ನಾಟಕಕಾರ. ಮನೆ ತುಂಬ ಗಂಡುಮಕ್ಕಳು, ಮನೆ ತುಂಬ ಪುಸ್ತಕ. ಹಿರಿಯರು ಓದಿ ಚರ್ಚು, ಕಚೇರಿ ಅಂತ ದಾರಿ ಹಿಡಿದರು. ಕಾರ್ಲ್ ಕೋವಿ ಹಿಡಿದ. ಅವನು ಹಡಗು ಹತ್ತುವಾಗ ತಮ್ಮ ಆಗಸ್ಟ್ ವಿಲ್ಹೆಲ್ಮನಿಗೆ ಹದಿನೈದರ ಆಸುಪಾಸು, ಕೊನೆಯ ತಮ್ಮ ಫ್ರೀಡ್ರಿಕ್ ಹತ್ತು ವರ್ಷದ ಹುಡುಗ. ಈ ಇಬ್ಬರು ತಮ್ಮಂದಿರ ಹೆಸರನ್ನು ನೆನಪಿನಲ್ಲಿಡಿ.

ಸೂಯೆಜ್ ಕಾಲುವೆ ಇನ್ನೂ ಇಲ್ಲದ ಕಾಲ. ಆಫ್ರಿಕದ ತುದಿ ಬಳಸಿಕೊಂಡು ಬರಬೇಕು. ತಿಂಗಳುಗಟ್ಟಲೆ ಸಮುದ್ರ. ಹಸಿ ತರಕಾರಿ, ಹಣ್ಣು ಕಾಣದೆ ಒಸಡು ಕೊಳೆತು ಸಾಯುವ ಸ್ಕರ್ವಿ ರೋಗ. ಹ್ಯಾನೋವರಿನವರು ಮದರಾಸಿನ ದಡ ಮುಟ್ಟುವ ಹೊತ್ತಿಗೆ ಯುದ್ಧ ನಡುಹಗಲಿನಲ್ಲಿತ್ತು.

ಈಗ ನಗರಕ್ಕೆ ಬರೋಣ. 1763ರಲ್ಲಿ ಹೈದರ್ ಕೆಳದಿ ಅರಸರಿಂದ ಬಿದನೂರನ್ನು ಕಿತ್ತುಕೊಂಡು ಹೈದರ್‌ನಗರ ಅಂತ ಹೆಸರಿಟ್ಟದ್ದು ನಿಮಗೆ ಗೊತ್ತು. ಅಲ್ಲಿ ಸಿಕ್ಕ ಐಶ್ವರ್ಯವೇ ಅವನ ಮುಂದಿನ ಏಳಿಗೆಗೆ ಬುನಾದಿ. 1782ರ ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ. ಬೊಂಬಾಯಿಯಿಂದ ಬಂದ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಕರಾವಳಿಯಲ್ಲಿ ಇಳಿದು, ಹೊಸಂಗಡಿ ಘಾಟಿ ಹತ್ತಿ, 1783ರ ಜನವರಿಯಲ್ಲಿ ನಗರವನ್ನು ಹಿಡಿದ. ಹಿಡಿದ ಅನ್ನುವುದೂ ದೊಡ್ಡ ಮಾತೇ. ಅಲ್ಲಿನ ಅಧಿಕಾರಿ ಅಯಾಜ್ ಖಾನ್ ಬೀಗದ ಕೈ ಒಪ್ಪಿಸಿಬಿಟ್ಟ. ಸುದ್ದಿ ಪೂರ್ವ ಕರಾವಳಿಯಲ್ಲಿದ್ದ ಟಿಪ್ಪುವನ್ನು ಮುಟ್ಟಿತು. ಬಿದನೂರು ಕೈಬಿಟ್ಟರೆ ಮಲೆನಾಡೂ ಹೋಯಿತು, ಮಂಗಳೂರಿನ ಬಂದರೂ ಹೋಯಿತು. ಅವನು ಅಲ್ಲೊಂದು ತುಕಡಿಯನ್ನು ಮಾತ್ರ ತನ್ನ ಮಿತ್ರರಾದ ಫ್ರೆಂಚರ ಜೊತೆಗೆ ಬಿಟ್ಟು, ದೊಡ್ಡ ದಂಡಿನೊಂದಿಗೆ ಪಶ್ಚಿಮಕ್ಕೆ ಧಾವಿಸಿದ. ಏಪ್ರಿಲ್ ಕೊನೆಗೆ ನಗರ ಮತ್ತೆ ಅವನ ವಶ. ಮ್ಯಾಥ್ಯೂಸ್ ಸೆರೆಯಾಗಿ, ಮುಂದೆ ಶ್ರೀರಂಗಪಟ್ಟಣದಲ್ಲಿ ಸತ್ತ.

ಇದರ ಫಲ ಕಂಡದ್ದು ಅಷ್ಟು ದೂರದ ಕಡಲೂರಿನಲ್ಲಿ. 1783ರ ಜೂನ್ 13ರಂದು ಜನರಲ್ ಸ್ಟುವರ್ಟನ ಇಂಗ್ಲಿಷ್ ಪಡೆ ಅಲ್ಲಿ ಫ್ರೆಂಚ್ ದಳಪತಿ ಬುಸ್ಸಿಯ ಮೇಲೆ ಬಿತ್ತು. ಹ್ಯಾನೋವರಿನವರು ಮೊದಲ ದೊಡ್ಡ ಕಾಳಗ ಕಂಡದ್ದು ಅಲ್ಲೇ. ಇಂಗ್ಲಿಷರ ಕಡೆ ಒಂದೇ ದಿನ ಸತ್ತವರು, ಗಾಯಗೊಂಡವರು ಸೇರಿ ಸಾವಿರದ ಆಸುಪಾಸು. ಟಿಪ್ಪುವಿನ ಪೂರ್ತಿ ದಂಡು ಆ ದಿನ ಬುಸ್ಸಿಯ ಬೆನ್ನಿಗಿದ್ದಿದ್ದರೆ ಆ ಜರ್ಮನರಲ್ಲಿ ಎಷ್ಟು ಮಂದಿ ಮರಳಿ ಊರು ಕಾಣುತ್ತಿದ್ದರು? ಟಿಪ್ಪುವನ್ನು ಅಲ್ಲಿಂದ ಎಳೆದು ತಂದದ್ದು ನಮ್ಮ ನಗರದ ಕೋಟೆ. ದೇವಗಂಗೆಯ ಕೊಳ ನೋಡಲು ಹೋದವರು ಕೋಟೆಯನ್ನೂ ಹತ್ತಿ ಬರುತ್ತೀರಲ್ಲ, ಅಲ್ಲಿ ನಿಂತಾಗ ಕಡಲೂರನ್ನೂ ಒಮ್ಮೆ ನೆನೆಯಬಹುದು. ಕೊನೆಗೆ ಯುರೋಪಿನಲ್ಲಿ ಸಂಧಿಯಾಗಿದೆ ಅನ್ನುವ ಸುದ್ದಿ ಬಂದು ಜುಲೈ ಮೊದಲಲ್ಲಿ ಕಡಲೂರಿನ ಗುಂಡು ನಿಂತಿತು. 1784ರ ಮಾರ್ಚಿನಲ್ಲಿ ಟಿಪ್ಪುವಿಗೂ ಕಂಪನಿಗೂ ಮಂಗಳೂರು ಒಪ್ಪಂದವಾಯಿತು.

ಜರ್ಮನರು ಇಂಗ್ಲಿಷರ ಕಡೆಗೆ ಮಾತ್ರ ಇದ್ದರು ಅಂದುಕೊಳ್ಳಬೇಡಿ. 1779ರಲ್ಲಿ ಕ್ರಿಶ್ಚಿಯನ್ ಫ್ರೀಡ್ರಿಕ್ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿ ಮದರಾಸು ಗವರ್ನರನ ಮಾತಿನ ಮೇಲೆ ಹೈದರನನ್ನು ಕಾಣಲು ಶ್ರೀರಂಗಪಟ್ಟಣಕ್ಕೆ ಬಂದ. ಕೋಟೆಯೊಳಗೆ ಜ್ವರದ ಹಾವಳಿ. ಹಾಗಾಗಿ ಕೋಟೆಯ ಹೊರಗಿನ ಇಳಿಜಾರಿನಲ್ಲಿ ಡೇರೆ ಹಾಕಿಕೊಂಡ. ನೋಡಿದರೆ, ಹೈದರನ ಚಾಕರಿಯಲ್ಲಿದ್ದ ಯುರೋಪಿನ ಸಿಪಾಯಿಗಳ ಪಾಳೆಯವೂ ಹೊರಗಡೆಯೇ ಇತ್ತು. ಕೆಲವರು ಫ್ರೆಂಚರು, ಕೆಲವರು ಜರ್ಮನರು. ಶ್ವಾರ್ಟ್ಸ್ ಭಾನುವಾರ ಬಂತೆಂದರೆ ಯಾರ ಅಪ್ಪಣೆಗೂ ಕಾಯದೆ ಜರ್ಮನ್ ಭಾಷೆಯಲ್ಲೂ ತಮಿಳಿನಲ್ಲೂ ಪ್ರಾರ್ಥನೆ ನಡೆಸಿದ. ಯಾರೂ ತಡೆಯಲಿಲ್ಲ. ಹೊರಡುವಾಗ ದಾರಿಖರ್ಚಿಗೆಂದು ಹೈದರ್ 300 ರೂಪಾಯಿ ಕೊಡಿಸಿದ. ಪಾದ್ರಿ ಅದನ್ನು ಕಂಪನಿ ಸರ್ಕಾರಕ್ಕೆ ಒಪ್ಪಿಸಲು ಹೋದ, ಅವರು ಬೇಡವೆಂದರು. ಆ ಹಣ ತಂಜಾವೂರಿನ ಇಂಗ್ಲಿಷ್ ಅನಾಥ ಮಕ್ಕಳ ಶಾಲೆಗೆ ಹೋಯಿತು. ಹೈದರನ ದುಡ್ಡಿನಲ್ಲಿ ಇಂಗ್ಲಿಷ್ ಮಕ್ಕಳು ಅಕ್ಷರ ಕಲಿತರು ಅಂದ ಹಾಗಾಯಿತು!

ಎರಡು ಕಡೆಯೂ ಸಂಬಳದ ಸಿಪಾಯಿಗಳೇ. ಹ್ಯಾನೋವರಿನ ರೈತನ ಮಗನಿಗೆ ಟಿಪ್ಪುವಿನ ಮೇಲೆ ಯಾವ ಹಗೆ? ಹೈದರನ ಪಾಳೆಯದ ಜರ್ಮನನಿಗೆ ಮದರಾಸಿನ ಮೇಲೆ ಯಾವ ಸಿಟ್ಟು? ಹದಿನೆಂಟನೆಯ ಶತಮಾನದ ಯುದ್ಧಗಳನ್ನು ಇಂದಿನ ದೇಶಾಭಿಮಾನದ ಕನ್ನಡಕದಲ್ಲಿ ಓದುವವರು ಈ ಸಂಬಳದ ಪಟ್ಟಿಯನ್ನು ಮೊದಲು ನೋಡಬೇಕು ಅಂತ ನನಗನ್ನಿಸುತ್ತದೆ.

ಶಾಂತಿ ಬಂದ ಮೇಲೆ ಕೂಲಿ ಸೈನಿಕನಿಗೆ ಏನು ಕೆಲಸ? ಬಿಸಿಲು, ಕವಾಯತು, ಸಾರಾಯಿ, ಜ್ವರ. ಕಾರ್ಲ್ ಶ್ಲೇಗಲ್ ಬೇರೆ ದಾರಿ ಹಿಡಿದ. ಆರ್ಕಾಟ್ ನವಾಬನ ಸೀಮೆಯ ಒಳನಾಡಿನಲ್ಲಿ ನಡೆಯುತ್ತಿದ್ದ ಭೂಮಾಪನದ ಕೆಲಸದಲ್ಲಿ ಸೇರಿಕೊಂಡ. ಹೈದರನ ಕುದುರೆ ಸವಾರರು ಕಂಪನಿಯ ದಂಡನ್ನು ಬೇಕಾದಲ್ಲಿ ಮುತ್ತಿ, ಬೇಕಾದಾಗ ಮಾಯವಾಗಿದ್ದರು. ಯಾವ ಕಣಿವೆ ಎಲ್ಲಿಗೆ ಕೂಡುತ್ತದೆ, ಯಾವ ಹೊಳೆಯನ್ನು ಯಾವ ತಿಂಗಳಲ್ಲಿ ದಾಟಬಹುದು, ತೋಪಿನ ಬಂಡಿ ಎಳೆಯುವ ಎತ್ತುಗಳಿಗೆ ನೀರು ಮೇವು ಎಲ್ಲಿ ಸಿಗುತ್ತದೆ, ಇವು ಗೊತ್ತಿಲ್ಲದೆ ಸೈನ್ಯ ಕುರುಡು. ಅದಕ್ಕೇ ನಕ್ಷೆಯ ಕೆಲಸಕ್ಕೆ ಅಷ್ಟು ಬೆಲೆ. 1783ರಲ್ಲೇ ಮದರಾಸಿಗೆ ಬಂದಿಳಿದ ಕಾಲಿನ್ ಮೆಕೆಂಜಿಯೂ ಹೀಗೆ ಸೈನ್ಯದ ಚಾಕರಿಯಲ್ಲೇ ಶುರು ಮಾಡಿದವನು. ಟಿಪ್ಪು ಬಿದ್ದ ಮೇಲೆ ಇಡೀ ಮೈಸೂರು ಸೀಮೆಯನ್ನು ಅಳೆದ. ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ಪಂಡಿತರ ನೆರವಿನಿಂದ ಊರೂರಿನ ಕೈಫಿಯತ್ತು, ಶಾಸನಗಳನ್ನು ಕೂಡಿಹಾಕಿದ. ಕಾರ್ಲ್‌ಗೆ ಅಷ್ಟು ಆಯುಷ್ಯ ಸಿಕ್ಕಿದ್ದರೆ ಅವನೂ ಏನಾಗುತ್ತಿದ್ದನೋ. ಸಿಗಲಿಲ್ಲ. 1789ರ ಸೆಪ್ಟೆಂಬರ್ 9ರಂದು ಮದರಾಸಿನಲ್ಲಿ ಸತ್ತ. ಎರಡು ಮೂರು ವರ್ಷಗಳಲ್ಲಿ ಉಳಿದ ಹ್ಯಾನೋವರಿನವರು ಮನೆಗೆ ಮರಳಿದರು.

ಸತ್ತ ಅಣ್ಣನ ಮೇಲೆ ತಮ್ಮ ಆಗಸ್ಟ್ ವಿಲ್ಹೆಲ್ಮ್ ಒಂದು ಶೋಕಗೀತೆ ಬರೆದ. 1800ರಲ್ಲಿ ಅದು ಅಚ್ಚಾಯಿತು. ಕವಿತೆಯಲ್ಲಿ ಅಣ್ಣತಮ್ಮಂದಿರಿಗೆ ಗ್ರೀಕ್ ಹೆಸರು, ನಿಯೊಪ್ಟೊಲೆಮಸ್ ಮತ್ತು ಡಯೋಕ್ಲೀಸ್. ಆ ಹೊತ್ತಿಗೆ ಶ್ಲೇಗಲ್ ಸೋದರರು ಜರ್ಮನ್ ಸಾಹಿತ್ಯದ ರೊಮ್ಯಾಂಟಿಕ್ ಪಂಥದ ಮುಂದಾಳುಗಳಾಗಿದ್ದರು. ಕಿರಿಯ ಫ್ರೀಡ್ರಿಕ್ ಪ್ಯಾರಿಸಿಗೆ ಹೋಗಿ 1803ರಲ್ಲಿ ಸಂಸ್ಕೃತಕ್ಕೆ ಕೂತ. ಕಲಿಸಿದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಇವನೂ ಕಂಪನಿಯ ನೌಕರಿಯಲ್ಲಿ ಬಂಗಾಳದಲ್ಲಿದ್ದವನು. ಪುಸ್ತಕ ನೋಡಲು ಪ್ಯಾರಿಸಿಗೆ ಬಂದಿದ್ದಾಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಮತ್ತೆ ಯುದ್ಧ ಹತ್ತಿಕೊಂಡು ಅಲ್ಲೇ ಒತ್ತೆಯಾಳಿನ ಹಾಗೆ ಉಳಿಯಬೇಕಾಯಿತು. ಹೀಗೆ ಸಿಕ್ಕಿಬಿದ್ದವನು ಗುರುವಾದ. ಫ್ರೀಡ್ರಿಕ್ 1808ರಲ್ಲಿ ಭಾರತೀಯರ ಭಾಷೆ ಮತ್ತು ಜ್ಞಾನವನ್ನು ಕುರಿತ ಪುಸ್ತಕ ಪ್ರಕಟಿಸಿದ. ಜರ್ಮನಿಯಲ್ಲಿ ಸಂಸ್ಕೃತದ ಓದಿಗೆ ಬಾಗಿಲು ತೆರೆದ ಪುಸ್ತಕ ಅದು. ಆಗಸ್ಟ್ ವಿಲ್ಹೆಲ್ಮನಂತೂ ಐವತ್ತರ ಹತ್ತಿರ ಬಂದ ಮೇಲೆ ಸಂಸ್ಕೃತ ಕಲಿತು, 1818ರಲ್ಲಿ ಬಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ದೇವನಾಗರಿ ಅಚ್ಚಿನ ಮೊಳೆಗಳನ್ನು ಎರಕ ಹೊಯ್ಯಿಸಿದ. 1823ರಲ್ಲಿ ಭಗವದ್ಗೀತೆಯ ಮೂಲವನ್ನು ಲ್ಯಾಟಿನ್ ಅನುವಾದದೊಂದಿಗೆ ಹೊರತಂದ. ಆಮೇಲೆ ರಾಮಾಯಣಕ್ಕೆ ಕೈ ಹಾಕಿದ.

ಮದರಾಸಿನಲ್ಲಿ ಸತ್ತ ಅಣ್ಣನೇ ಇದಕ್ಕೆಲ್ಲ ಕಾರಣ ಅನ್ನುವಷ್ಟು ದೂರ ನಾನು ಹೋಗುವುದಿಲ್ಲ. ಆ ಕಾಲದ ಯುರೋಪಿನಲ್ಲಿ ಶಾಕುಂತಲದ ಅನುವಾದ ಓದಿ ಮರುಳಾದವರು ಬೇಕಾದಷ್ಟಿದ್ದರು. ಆದರೆ ಇಂಡಿಯಾ ಅನ್ನುವುದು ಆ ಮನೆಗೆ ಬರೀ ಪುಸ್ತಕದ ದೇಶವಾಗಿರಲಿಲ್ಲ, ಮಗ ಹೋಗಿ ಮಣ್ಣಾದ ದೇಶ.

ಹ್ಯಾನೋವರಿನ ಮಾತು ಬಂದಾಗ ಇನ್ನೊಂದು ಹೆಸರನ್ನು ಬಿಡುವುದು ಹೇಗೆ? ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಆಗ ಅದು ಹ್ಯಾನೋವರ್ ರಾಜ್ಯದ ಭಾಗ. ಮೈಸೂರಿನ ವಿರುದ್ಧ ಕೋವಿ ಹೊತ್ತ ಎರಡು ಸಾವಿರ ಜನರನ್ನು ಕಳಿಸಿದ ಅದೇ ಹ್ಯಾನೋವರಿನಿಂದ ಸುಮಾರು ಎಪ್ಪತ್ತು ವರ್ಷಗಳ ನಂತರ, 1853ರಲ್ಲಿ, ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಕಿಟ್ಟೆಲ್ ಬಂದ. 1894ರಲ್ಲಿ ಅವನ ಕನ್ನಡ ನಿಘಂಟು ಹೊರಬಂತು. ಇದರ ಬಗ್ಗೆ ನೀವು ಬೇಕಾದಷ್ಟು ಕೇಳಿದ್ದೀರಿ, ನಾನು ಮುಂದೆ ಹೋಗುತ್ತೇನೆ.

ಕಾರ್ಲ್ ಸತ್ತ ಮರುವರ್ಷವೇ ಮೂರನೆಯ ಮೈಸೂರು ಯುದ್ಧ. ಈ ಬಾರಿ ಕಂಪನಿ, ಮರಾಠರು, ನಿಜಾಮ ಮೂವರೂ ಒಂದು ಕಡೆ. ಕಂಪನಿಯ ದಳಪತಿ ಕಾರ್ನ್‌ವಾಲಿಸ್, ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ತನ್ನ ಬಾಡಿಗೆ ಜರ್ಮನರ ಸಮೇತ ಶರಣಾಗಿದ್ದವನು. ಮರಾಠರ ಕಡೆಯಿಂದ ಪರಶುರಾಮ ಭಾವು ಪಟವರ್ಧನ ಉತ್ತರದಿಂದ ಇಳಿದ. ಅವನ ಜೊತೆಗೆ ಬೊಂಬಾಯಿ ಸಿಪಾಯಿಗಳ ಒಂದು ಸಣ್ಣ ಪಡೆ, ಮುಖಂಡ ಕ್ಯಾಪ್ಟನ್ ಜಾನ್ ಲಿಟಲ್. ಆ ಪಡೆಯಲ್ಲಿದ್ದ ಒಬ್ಬ ಲೆಫ್ಟಿನೆಂಟ್ ಎಡ್ವರ್ಡ್ ಮೂರ್. ನಾನು ಮೊದಲು ಹೇಳಿದ ಗಾಯಾಳು ಇವನೇ. ಇವನು ಇಂಗ್ಲಿಷ್, ಜರ್ಮನ್ ಅಲ್ಲ. ಹುಟ್ಟಿದ್ದು 1771ರಲ್ಲಿ. ಹನ್ನೆರಡು ತುಂಬುವ ಮೊದಲೇ ಕಂಪನಿಯ ಸೈನ್ಯಕ್ಕೆ ಸೇರಿಸಿ ಹಡಗು ಹತ್ತಿಸಿದರು. ಬೊಂಬಾಯಿಗೆ ಹೊರಟ ಹಡಗು ಗಾಳಿ ಕೈಕೊಟ್ಟು 1783ರ ಏಪ್ರಿಲಿನಲ್ಲಿ ಮದರಾಸು ಸೇರಿತು. ನಮ್ಮ ಏಳನೆಯ ಕ್ಲಾಸಿನ ಹುಡುಗರ ವಯಸ್ಸು, ಯೋಚಿಸಿ. ಹದಿನೇಳಕ್ಕೆ ಲೆಫ್ಟಿನೆಂಟ್. ದೇಶೀ ಭಾಷೆಯಲ್ಲಿ ಚುರುಕು ಅಂತ ಪರೀಕ್ಷಕರಿಂದ ಹೊಗಳಿಸಿಕೊಂಡ. 1791ರ ಫೆಬ್ರವರಿಯಲ್ಲಿ ಧಾರವಾಡ ಕೋಟೆಯ ಲಗ್ಗೆಯಲ್ಲಿದ್ದ. ಜೂನಿನಲ್ಲಿ ಬೆಂಗಳೂರಿನ ಆಚೆಯ ಒಂದು ದುರ್ಗದ ಮುಂದೆ ಭುಜಕ್ಕೆ ಗುಂಡು ಬಿತ್ತು. ನಾಲ್ಕು ತಿಂಗಳೊಳಗೆ ಮರಳಿ ದಂಡಿಗೆ ಬಂದ.

ಡಿಸೆಂಬರಿನಲ್ಲಿ ಭಾವುವಿನ ಸೈನ್ಯ ನಮ್ಮ ಸೀಮೆಗೆ ನುಗ್ಗಿತು. ಅವನು ಶ್ರೀರಂಗಪಟ್ಟಣದ ಕಡೆ ಹೋಗಿ ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಬೇಕಿತ್ತು. ಆದರೆ ಅವನ ಕಣ್ಣು ಬಿದನೂರಿನ ಮೇಲೆ. ಮೊದಲು ಬಿದ್ದದ್ದು ಹೊಳೆಹೊನ್ನೂರು, ಭದ್ರೆಯ ದಡದ ಕೋಟೆ. ಭದ್ರಾವತಿ ತಾಲ್ಲೂಕಿನವರಿಗೆ ಅದನ್ನು ನಾನು ವರ್ಣಿಸಬೇಕಾಗಿಲ್ಲ. ಭದ್ರಾವತಿ ಆಗ ಬೆಂಕಿಪುರ. ಕಬ್ಬಿಣದ ಕಾರ್ಖಾನೆಯ ಹೊಗೆ ಏಳಲು ಇನ್ನೂ ಒಂದೂಕಾಲು ಶತಮಾನ ಬಾಕಿ. ತಿಂಗಳ ಮೂರನೆಯ ವಾರದಲ್ಲಿ ಲಿಟಲ್ಲನ ಸಿಪಾಯಿಗಳು ಹೊಳೆಹೊನ್ನೂರನ್ನು ಹಿಡಿದರು. ಮುಂದಿನ ಗುರಿ ಶಿವಮೊಗ್ಗ.

ಶಿವಮೊಗ್ಗವನ್ನು ಕಾಯಲು ಟಿಪ್ಪು ತನ್ನ ಬಂಧು ರಜಾ ಸಾಹೇಬನನ್ನು ಇಟ್ಟಿದ್ದ. ಕಾಲಾಳು ಸುಮಾರು 7,000, ಕುದುರೆ 800, ತೋಪು 10. ಭಾವು ಹತ್ತಿರ ಬಂದಂತೆ ರಜಾ ಊರಿನ ಕೋಟೆಯ ಪಕ್ಕ ನಿಲ್ಲದೆ ನೈರುತ್ಯಕ್ಕೆ ಸರಿದು ಕಾಡು ಸೇರಿದ. ಶತ್ರು ಕೋಟೆಗೆ ಮುತ್ತಿಗೆ ಹಾಕಲಿ, ಹಿಂದಿನಿಂದ ಬೀಳೋಣ ಅನ್ನುವ ಲೆಕ್ಕ. ಅವನು ಆರಿಸಿಕೊಂಡ ಜಾಗವೇ ಗಾಜನೂರಿನ ಆಸುಪಾಸು. ಡಾ. ರಾಜಕುಮಾರ್ ಹುಟ್ಟಿದ ಗಾಜನೂರು ಬೇರೆ, ಅದು ಚಾಮರಾಜನಗರದ ಆಚೆ ತಾಳವಾಡಿ ಸೀಮೆಯದು. ನಮ್ಮದು ತುಂಗೆಯ ಅಣೆಕಟ್ಟಿನ ಗಾಜನೂರು. ಸಕ್ರೆಬೈಲಿನ ಆನೆ ಬಿಡಾರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ದಾಟುತ್ತೇವಲ್ಲ, ಅದು.

ಜಾಗ ಆರಿಸುವುದರಲ್ಲಿ ರಜಾ ಜಾಣ. ಬಲಕ್ಕೆ ತುಂಗೆ. ಎಡಕ್ಕೆ ನುಗ್ಗಲಾಗದ ಹಳುವಿನ ಗುಡ್ಡ. ಮುಂದೆ ಆಳದ ಕೊರಕಲು, ಬಿದಿರು ಮೆಳೆ. ಕುದುರೆಯೇ ಬಲವಾದ ಮರಾಠರಿಗೆ ಅಲ್ಲಿ ಕೆಲಸವೇ ಇಲ್ಲ. ಬಿದಿರು ಮೆಳೆಯೊಳಗೆ ಕುದುರೆ ಓಡಿಸುವುದು ಹೇಗೆ? ಹಾಗಾಗಿ ಡಿಸೆಂಬರ್ 29ರಂದು ಭಾರವೆಲ್ಲ ಬಿದ್ದದ್ದು ಲಿಟಲ್ಲನ ಕಾಲಾಳುಗಳ ಮೇಲೆ. ಹೆಸರಿಗೆ ಮೂರು ಬೆಟಾಲಿಯನ್, ಸಂಗೀನು ಹಿಡಿದು ನಿಲ್ಲಬಲ್ಲವರು ಸಾವಿರವೂ ಇರಲಿಲ್ಲ. ಒಂಬತ್ತನೆಯ ಬೆಟಾಲಿಯನ್ನಿನ ಎರಡೂ ಪಕ್ಕದ ತುಕಡಿಗಳನ್ನು ಮುನ್ನಡೆಸಿದವನು ಇಪ್ಪತ್ತರ ಮೂರ್. ಹಳುವಿನೊಳಗಿಂದ ಗುಂಡಿನ ಮಳೆ. ಮುಂದೆ ನಡೆದ ಅಧಿಕಾರಿಗಳು ಒಬ್ಬೊಬ್ಬರಾಗಿ ಉರುಳಿದರು. ಸಿಪಾಯಿಗಳು ನುಗ್ಗುವುದು, ಹಿಂದೆ ತಳ್ಳಿಸಿಕೊಳ್ಳುವುದು, ಮತ್ತೆ ನುಗ್ಗುವುದು. ಕೊನೆಗೆ ಲಿಟಲ್ ಚದುರಿದವರನ್ನು ತಾನೇ ಕೂಡಿಸಿಕೊಂಡು ಒಳಹೊಕ್ಕ. ರಜಾನ ಸಾಲು ಮುರಿಯಿತು. ಹತ್ತು ತೋಪುಗಳೂ ಸಿಕ್ಕಿದವು. ಮೂರ್ ಮತ್ತೆ ಗಾಯಗೊಂಡಿದ್ದ.

ಈ ಬೊಂಬಾಯಿ ಸಿಪಾಯಿಗಳು ಯಾರು? ಕೊಂಕಣದ, ಗುಜರಾತಿನ, ದಖ್ಖನಿನ ರೈತರ ಮಕ್ಕಳು. ರಜಾನ ಕಡೆ ಇದ್ದವರು ನಮ್ಮ ಸೀಮೆಯ, ಮೈಸೂರಿನ ರೈತರ ಮಕ್ಕಳು. ಯುದ್ಧ ಗೆದ್ದದ್ದು ಲಿಟಲ್ ಅಂತ ಚರಿತ್ರೆಯ ಪುಸ್ತಕ ಹೇಳುತ್ತದೆ. ಅಲ್ಲಿ ಹೆಣವಾದವರ ಹೆಸರು ಯಾವ ಕಡೆಯದೂ ಬರೆದಿಲ್ಲ.

ಇನ್ನು ಊರಿನ ಗತಿ. ರಜಾ ಸೋತ ಮೇಲೆ ಶಿವಮೊಗ್ಗದ ಕೋಟೆ 1792ರ ಜನವರಿ 2ರಂದು ಶರಣಾಯಿತು. ಒಳಗಿದ್ದವರು ಒಂದು ಮಾತು ಕೇಳಿದರು: ನಮ್ಮ ರಕ್ಷಣೆಗೆ ಕ್ಯಾಪ್ಟನ್ ಲಿಟಲ್ ಹೊಣೆಯಾಗಬೇಕು. ಧಾರವಾಡದಲ್ಲಿ ಶರಣಾಗಿ ಹೊರಬಂದವರಿಗೆ ಕೊಟ್ಟ ಮಾತು ಮುರಿದದ್ದು ಅವರಿಗೆ ತಿಳಿದಿತ್ತು. ಲಿಟಲ್ ಒಪ್ಪಿದ, ಕೋಟೆಯವರು ಬದುಕಿಕೊಂಡರು. ಪೇಟೆಗೆ ಹೊಣೆಯಾಗುವವರು ಯಾರೂ ಇರಲಿಲ್ಲ. ಮರಾಠ ದಂಡಿನ ಹಿಂದೆ ಬರುವ ಲೂಟಿಕೋರರು ಸುಲಿದರು, ಬೆಂಕಿಯಿಟ್ಟರು. 1801ರಲ್ಲಿ ಈ ದಾರಿಯಲ್ಲಿ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಆ ಸುಲಿಗೆಯ ಕಥೆಯನ್ನು ಇಲ್ಲಿನ ಜನರ ಬಾಯಿಂದ ಕೇಳಿ ಬರೆದುಕೊಂಡಿದ್ದಾನೆ. ತುಂಗೆ ಭದ್ರೆ ಕೂಡುವ ಕೂಡಲಿಯ ಮಠವನ್ನೂ ಬಿಟ್ಟಿರಲಿಲ್ಲ. ಅದಕ್ಕೆ ಕೆಲ ತಿಂಗಳ ಮೊದಲು, 1791ರಲ್ಲಿ, ಭಾವುವಿನ ದಂಡಿನವರು ಶೃಂಗೇರಿಗೂ ನುಗ್ಗಿದ್ದರು. ಮಠದ ಪುನರುದ್ಧಾರಕ್ಕೆ ನೆರವು ಕಳಿಸಿ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು 1916ರಲ್ಲಿ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದು ಬೆಳಕಿಗೆ ಬಂದವು. ಪೇಶ್ವೆಯ ಬ್ರಾಹ್ಮಣ ಸರದಾರನ ಸೈನ್ಯ ಶಂಕರರ ಪೀಠವನ್ನು ಸುಲಿದದ್ದು, ಸುಲ್ತಾನ ಅದಕ್ಕೆ ಮರುಗಿದ್ದು. ಆ ಕಾಲದ ರಾಜಕಾರಣವನ್ನು ಇಂದಿನ ಅಚ್ಚಿಗೆ ಹಾಕಲು ಹೊರಟವರ ಕೈಯಲ್ಲಿ ಅದು ಮುರಿಯುತ್ತದೆ.

ಭಾವು ಗೆದ್ದ ಉಮೇದಿನಲ್ಲಿ ಬಿದನೂರಿನ ಕಡೆ ನಡೆದ. ಅಷ್ಟರಲ್ಲಿ ಟಿಪ್ಪು ಕಡೆಯ ಇನ್ನೊಂದು ದಂಡು ಬರುತ್ತಿದೆಯೆಂದು ಕೇಳಿ ಹಿಂತಿರುಗಿದ. ಅವನು ಶ್ರೀರಂಗಪಟ್ಟಣ ಸೇರುವ ಹೊತ್ತಿಗೆ ಅಲ್ಲಿ ಕದನವೇ ಮುಗಿದಿತ್ತು. ಗಾಜನೂರಿನಲ್ಲಿ ಬಿದ್ದ ಹೆಣಗಳಿಂದ ಯುದ್ಧದ ಫಲಿತಾಂಶ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಇದು ನನ್ನ ತೀರ್ಪು, ಒಪ್ಪದವರು ಇರಬಹುದು.

ಯುರೋಪಿನ ಬಾಡಿಗೆ ಸಿಪಾಯಿಗಳ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣಕ್ಕೆ ಲಗ್ಗೆಯಿಟ್ಟವರಲ್ಲಿ ಡಿ ಮ್ಯೂರಾನ್ ರೆಜಿಮೆಂಟಿನವರಿದ್ದರು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲಿನ ಕೌಂಟ್ ಒಬ್ಬನ ಖಾಸಗಿ ದಂಡು ಅದು. ಮೊದಲು ಡಚ್ಚರಿಗೆ ಬಾಡಿಗೆ ಇತ್ತು, 1795ರಲ್ಲಿ ಇಂಗ್ಲಿಷರ ಕೈಗೆ ಬಂತು. ಆಗ ನ್ಯೂಶಾಟೆಲಿನ ಒಡೆಯ ಯಾರು ಬಲ್ಲಿರಾ? ಪ್ರಶ್ಯದ ಜರ್ಮನ್ ದೊರೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದ ಹಳೆಯ ಗ್ಯಾರಿಸನ್ ಸ್ಮಶಾನದಲ್ಲಿ ಆ ದಂಡಿನವರ ಸಮಾಧಿಗಳಿವೆ, ನೋಡಬಹುದು.

ಮತ್ತೆ ಮೂರ್ ಕಡೆಗೆ ಬರೋಣ. ಗಾಜನೂರಿನ ಗಾಯ ವಾಸಿಯಾಗದೆ ಅವನು ರಜೆಯ ಮೇಲೆ ಊರಿಗೆ ಹೋದ. ಅಲ್ಲಿ ಕೂತು ಲಿಟಲ್ಲನ ಪಡೆಯ ಓಡಾಟವನ್ನೆಲ್ಲ ಬರೆದು 1794ರಲ್ಲಿ ಪುಸ್ತಕ ಮಾಡಿದ. ಬರೀ ಗೆದ್ದ ಸೋತ ಲೆಕ್ಕವಲ್ಲ, ದಾರಿಯುದ್ದಕ್ಕೂ ಕಂಡ ಊರು ಕೇರಿ, ದೇವಸ್ಥಾನ, ಜನರ ನಡೆನುಡಿ ಎಲ್ಲವೂ ಅದರಲ್ಲಿ ಬೆರೆತಿವೆ. ಮತ್ತೆ ಬೊಂಬಾಯಿಗೆ ಬಂದ. 1799ರಿಂದ 1805ರವರೆಗೆ ಸೈನ್ಯದ ಉಗ್ರಾಣದ ಮೇಲ್ವಿಚಾರಣೆ. ಮದ್ದು ಗುಂಡು ಎಣಿಸುವ ಕೆಲಸದ ನಡುವೆ ಅವನಿಗೆ ಹತ್ತಿದ ಗೀಳು ದೇವರ ಮೂರ್ತಿಗಳದು. ಕಂಚಿನ ವಿಗ್ರಹ, ಚಿತ್ರಪಟ ಕೂಡಿಸುತ್ತ ಹೋದ. ಯಾವ ದೇವರಿಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು, ವಾಹನ ಯಾವುದು ಅಂತ ಪಂಡಿತರನ್ನು ಕೇಳಿ ಬರೆದುಕೊಂಡ. 1810ರಲ್ಲಿ ಲಂಡನ್ನಿನಲ್ಲಿ ‘ದಿ ಹಿಂದೂ ಪ್ಯಾಂಥಿಯನ್’ ಹೊರಬಂತು. ನೂರಕ್ಕೂ ಹೆಚ್ಚು ಚಿತ್ರಫಲಕಗಳ ದೊಡ್ಡ ಗ್ರಂಥ. ಇಂಗ್ಲಿಷ್ ಓದುವವರಿಗೆ ನಮ್ಮ ದೇವತೆಗಳ ರೂಪವನ್ನು ಚಿತ್ರಸಮೇತ ತೋರಿಸಿದ ಪುಸ್ತಕಗಳಲ್ಲಿ ಮೊದಲ ಸಾಲಿನದು. ತಪ್ಪುಗಳಿವೆ, ಊಹೆಗಳಿವೆ, ಕೆಲವೆಡೆ ನಗು ಬರುತ್ತದೆ. ಆದರೂ ನಮ್ಮ ಗುಡಿಗಳನ್ನು ಸುಲಿದ ದಂಡಿನ ಜೊತೆಯಲ್ಲಿ ನಡೆದವನೇ ಆ ಗುಡಿಯೊಳಗಿನ ಮೂರ್ತಿಯನ್ನು ಅಷ್ಟು ಕುತೂಹಲದಿಂದ ನೋಡಿದ ಅನ್ನುವುದನ್ನು ತಳ್ಳಿಹಾಕುವಂತಿಲ್ಲ. ಸುಲಿಗೆಯನ್ನು ಈ ಕುತೂಹಲ ತೊಳೆಯುತ್ತದೆ ಅಂತಲೂ ನಾನು ಹೇಳುವುದಿಲ್ಲ.

ಮೂರ್ 1848ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನು ಕೂಡಿಸಿದ ವಿಗ್ರಹಗಳಲ್ಲಿ ಹಲವು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. 1794ರ ಪುಸ್ತಕದ ಸ್ಕ್ಯಾನ್ ಪ್ರತಿ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಮ್ಮ ಜಿಲ್ಲೆಯ ಇತಿಹಾಸ ಓದುವ ಹುಡುಗ ಹುಡುಗಿಯರು ಅದರ ಶಿವಮೊಗ್ಗದ ಭಾಗವನ್ನಾದರೂ ಕನ್ನಡಕ್ಕೆ ತರಬೇಕು. ಹುಡುಕುವಾಗ ಒಂದು ಎಚ್ಚರ: ಊರ ಹೆಸರುಗಳು ಅವನ ಕಿವಿಗೆ ಬಿದ್ದ ಹಾಗೆ ಅಚ್ಚಾಗಿವೆ. ಹೊಳೆಹೊನ್ನೂರಿಗೆ ‘ಹೂಲಿ ಒನೋರ್’, ಶಿವಮೊಗ್ಗಕ್ಕೆ ‘ಸಿಮೋಗ’, ಗಾಜನೂರಿಗೆ ‘ಗಡ್ಜ್‌ನೂರ್’ ಅಂತ ಕೊಟ್ಟು ನೋಡಿ.